ಜಾನಮಾಜಿನ ಕೆಳಗಿನ ಸಕ್ಕರೆ

ಧರ್ಮದ ಮಾತು ಬಂದಾಗಲೆಲ್ಲ ನಮ್ಮ ಜನ ಮಸೀದಿ, ಮದ್ರಸಾ, ಮೌಲ್ವಿ, ಜಮಾತು ಎಂದೇ ಶುರು ಮಾಡುತ್ತಾರೆ. ಪತ್ರಿಕೆಗಳಲ್ಲಿ ಬರುವ ಚರ್ಚೆಗಳೂ ಹಾಗೆಯೇ. ಇಸ್ಲಾಮಿನ ಬಗ್ಗೆ ಕೇಳಬೇಕಾದರೆ ಗಡ್ಡ ಬಿಟ್ಟ ಒಬ್ಬ ಗಂಡಸನ್ನು ಹುಡುಕಿ ಕರೆತರುತ್ತಾರೆ. ಆದರೆ ಯಾವ ಮುಸಲ್ಮಾನನನ್ನೇ ಆಗಲಿ ನಿಲ್ಲಿಸಿ, "ನಿನಗೆ ಕಲಿಮಾ ಹೇಳಿಕೊಟ್ಟವರು ಯಾರು?" ಎಂದು ಕೇಳಿ ನೋಡಿ. ನೂರಕ್ಕೆ ತೊಂಬತ್ತು ಮಂದಿ ಮೌಲ್ವಿ ಸಾಹೇಬರ ಹೆಸರು ಹೇಳುವುದಿಲ್ಲ. ಸ್ವಲ್ಪ ಯೋಚಿಸಿ, ಸ್ವಲ್ಪ ನಕ್ಕು, "ನಮ್ಮ ಅಮ್ಮಿ" ಎನ್ನುತ್ತಾರೆ. ಕರಾವಳಿಯವರಾದರೆ "ಉಮ್ಮ" ಎನ್ನುತ್ತಾರೆ. ಹೆಸರು ಬೇರೆ, ಉತ್ತರ ಒಂದೇ.

ನಾವು ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ. ಆಗ ಅದು ಬಿಜಾಪುರ. ಗೋಲಗುಮ್ಮಟದ ಊರು, ಹೆಜ್ಜೆಗೊಂದು ಮಸೀದಿಯ ಊರು. ಅಷ್ಟು ಮಸೀದಿಗಳಿದ್ದ ಊರಿನಲ್ಲಿ ನಮ್ಮ ಅಮ್ಮಿ ಒಂದು ದಿನವೂ ಜಮಾತಿನೊಂದಿಗೆ ನಮಾಜು ಮಾಡಿದವರಲ್ಲ. ನಮ್ಮ ಓಣಿಯ ಯಾವ ಹೆಂಗಸೂ ಮಾಡಿದವಳಲ್ಲ. ಆದರೆ ಶುಕ್ರವಾರ ಬೆಳಿಗ್ಗೆಯಿಂದಲೇ ಅಣ್ಣಂದಿರ ಉಗುರು ಕತ್ತರಿಸಿ, ತಲೆಗೆ ನೀರು ಹಾಕಿ, ಒಗೆದ ಜುಬ್ಬಾ ತೊಡಿಸಿ, ಟೋಪಿ ಸರಿ ಮಾಡಿ, "ಹಿಂದಿನ ಸಾಲಲ್ಲಿ ನಿಂತು ಗಲಾಟೆ ಮಾಡಬೇಡಿ" ಎಂದು ಹೇಳಿ ಬಾಗಿಲವರೆಗೆ ಬಂದು ಕಳಿಸುತ್ತಿದ್ದವರು ಅಮ್ಮಿಯೇ. ತಾನು ಒಳಗೆ ಕಾಲಿಡದ ಮಸೀದಿಯನ್ನು ತಲೆಮಾರುಗಳಿಂದ ತುಂಬಿಸುತ್ತ ಬಂದವಳು ತಾಯಿ. ನಮಗೆ ಇದು ಬಹಳ ವರ್ಷ ವಿಚಿತ್ರವೆಂದು ಅನ್ನಿಸಿಯೇ ಇರಲಿಲ್ಲ.

ಅಮ್ಮಿ ಓದಿದ್ದು ಉರ್ದು ನಾಲ್ಕನೇ ಇಯತ್ತೆ. ಕುರ್‌ಆನನ್ನು ನಾಜಿರಾ ಓದಬಲ್ಲವರಾಗಿದ್ದರು, ಅಂದರೆ ನೋಡಿಕೊಂಡು ಸ್ವರಬದ್ಧವಾಗಿ ಓದುವುದು. ಅರಬಿಯ ಅರ್ಥ ಗೊತ್ತಿರಲಿಲ್ಲ. ಕನ್ನಡದಲ್ಲಿ ಬಸ್ಸಿನ ಬೋರ್ಡು ಓದುವಷ್ಟು ಕಲಿತದ್ದು ನಮ್ಮ ಪಾಟಿಯ ಮೇಲೆ ನಾವು ಬರೆಯುವುದನ್ನು ನೋಡಿ. ಆದರೆ ಓಣಿಯ ಹತ್ತು ಹದಿನೈದು ಮಕ್ಕಳಿಗೆ ಅವರೇ ಉಸ್ತಾದರು. ಅಸರ್ ನಮಾಜಾದ ಮೇಲೆ ಹಿತ್ತಿಲ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರುವುದು. ಕೈಯಲ್ಲಿ ಕಸಬರಿಗೆಯ ಒಂದು ಕಡ್ಡಿ. ಅದು ಹೊಡೆಯಲಿಕ್ಕಲ್ಲ, ಅಕ್ಷರ ತೋರಿಸಲಿಕ್ಕೆ. ಅಲಿಫ್ ಜಬರ್ ಆ, ಅಲಿಫ್ ಜೇರ್ ಇ, ಅಲಿಫ್ ಪೇಶ್ ಉ ಎಂದು ನಾವೆಲ್ಲ ಒಟ್ಟಿಗೆ ತೂಗುತ್ತಿದ್ದೆವು. ಒಳಗೆ ಒಲೆಯ ಮೇಲೆ ಬೇಳೆ ಕುದಿಯುತ್ತಿರುತ್ತಿತ್ತು. ಅಡುಗೆಮನೆಯಿಂದಲೇ ಅಮ್ಮಿ, "ಯಾರೋ ಅದು ಐನನ್ನು ಅಲಿಫ್ ಮಾಡಿದ್ದು? ಗಂಟಲಿಂದ ತೆಗಿ" ಎಂದು ಕೂಗುತ್ತಿದ್ದರು. ಫೀಸು ಎಂಬುದಿರಲಿಲ್ಲ. ಯಾರೋ ನಾಲ್ಕು ಕಟ್ಟಿಗೆ ತಂದಿಡುತ್ತಿದ್ದರು, ಯಾರೋ ಒಂದು ಅಚ್ಚು ಬೆಲ್ಲ. ತರದವರನ್ನು ಕೇಳುತ್ತಿರಲಿಲ್ಲ.

ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಮಾಡಿಸುವ ರೂಢಿ ನಮ್ಮಲ್ಲಿ ಹಳೆಯದು. ಈ ಲೆಕ್ಕಕ್ಕೆ ಕುರ್‌ಆನಿನಲ್ಲಾಗಲಿ ಹದೀಸಿನಲ್ಲಾಗಲಿ ಆಧಾರವಿಲ್ಲ. ಹಿಂದೂಸ್ತಾನದ ಮುಸಲ್ಮಾನರು ಅಕ್ಷರಾಭ್ಯಾಸಕ್ಕೆ ಕಟ್ಟಿಕೊಂಡ ಹಬ್ಬ ಅದು. ನಮ್ಮ ಬಿಸ್ಮಿಲ್ಲಾದ ದಿನ ಮೌಲ್ವಿ ಸಾಹೇಬರು ಬಂದು ಓದಿಸಿ, ಶರಬತ್ತು ಕುಡಿದು ಹೋದರಂತೆ. ಅವರ ಮುಖ ನಮಗೆ ನೆನಪಿಲ್ಲ. ಮರುದಿನದಿಂದ ಮೂರು ವರ್ಷ ನಮ್ಮೊಂದಿಗೆ ಕೂತು ಕಾಯಿದಾದಿಂದ ಖತಮಿನವರೆಗೆ ನಡೆಸಿಕೊಂಡು ಹೋದವರ ಮುಖ ಮಾತ್ರ ಚೆನ್ನಾಗಿ ನೆನಪಿದೆ. ಉದ್ಘಾಟನೆ ಗಂಡಸರದು, ಕೆಲಸ ಹೆಂಗಸರದು. ಇದು ಧರ್ಮದಲ್ಲೂ ನಿಜ, ಬೇರೆ ಕಡೆಯೂ ನಿಜ.

ಬಿಜಾಪುರದ ಇತಿಹಾಸ ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಊರಿನ ಹೊರಗೆ ಶಾಹಪುರದ ದಿಬ್ಬದ ಮೇಲೆ ಅಮೀನುದ್ದೀನ್ ಆಲಾ ಅವರ ದರ್ಗಾ ಇದೆ. ಅವರ ತಾತ ಮೀರಾಂಜಿ ಶಮ್ಸುಲ್ ಉಶ್ಶಾಕ್, ತಂದೆ ಬುರ್ಹಾನುದ್ದೀನ್ ಜಾನಮ್. ಪಾರಸಿ ಬಲ್ಲ ಈ ಸೂಫಿಗಳು ಬೇಕೆಂದೇ ಜನರ ದಖನಿಯಲ್ಲಿ ಬರೆದರು. ಮೀರಾಂಜಿಯವರ 'ಖುಷ್ ನಾಮಾ' ಎಂಬ ಕಾವ್ಯದ ನಾಯಕಿ ಒಬ್ಬ ಭಕ್ತೆ ಹುಡುಗಿ. ಈ ಪರಂಪರೆಯವರಿಂದಲೇ ಚಕ್ಕಿನಾಮಾ, ಚರಖಾನಾಮಾ, ಲೋರಿನಾಮಾ ಎಂಬ ಸಣ್ಣ ಸಣ್ಣ ಹಾಡುಗಳು ಹುಟ್ಟಿದವು. ಒಂದು ಬೀಸುವಾಗ ಹಾಡಲಿಕ್ಕೆ, ಒಂದು ನೂಲುವಾಗ, ಇನ್ನೊಂದು ಮಗುವನ್ನು ತೂಗುವಾಗ. ಬೀಸುಕಲ್ಲಿನ ಗೂಟದಲ್ಲಿ ಅಲಿಫಿನ ಆಕಾರವನ್ನು ಕಂಡು ಅಲ್ಲಾಹನನ್ನು ನೆನೆಯುವ ಹಾಡುಗಳವು. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಅವರು 1974ರ ಒಂದು ಲೇಖನದಲ್ಲೂ, ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲೂ ಈ ಹಾಡುಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ದಖ್ಖನ್ನಿನ ಸಾಮಾನ್ಯರ ಮನೆಗಳಿಗೆ ಇಸ್ಲಾಮಿನ ಮಾತುಗಳು ಹೋದ ದಾರಿಗಳಲ್ಲಿ ಬೀಸುವ ಹೆಂಗಸಿನ ಬಾಯಿಯೂ ಒಂದು, ಅವಳಿಂದ ತೊಡೆಯ ಮೇಲಿನ ಮಗುವಿನ ಕಿವಿಗೆ ಅದು ಇಳಿಯಿತು ಎಂಬುದು ಅವರ ವಾದದ ತಿರುಳು.

ನಮ್ಮ ನಾನಿ ಬೀಸುತ್ತ ಹಾಡುತ್ತಿದ್ದರಂತೆ. ಅಮ್ಮಿಗೆ ಅದರ ಕೆಲವು ತುಣುಕುಗಳು ಬರುತ್ತಿದ್ದವು. ನಮ್ಮ ಕಾಲಕ್ಕೆ ಹಿಟ್ಟಿನ ಗಿರಣಿ ಬಂದಿತ್ತು, ಜೋಳದ ಡಬ್ಬ ಹೊತ್ತು ಗಿರಣಿಗೆ ಹೋಗುವ ಕೆಲಸ ನಮ್ಮದಾಗಿತ್ತು, ಹಾಡು ನಿಂತಿತ್ತು. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ನೆರೆಮನೆಯ ಕನ್ನಡದ ಹೆಂಗಸರ ಬೀಸುವ ಹಾಡುಗಳನ್ನು ಕೂಡಿಸಿ 'ಗರತಿಯ ಹಾಡು' ಎಂದು 1931ರಲ್ಲಿ ಪ್ರಕಟಿಸಿದ್ದರು. ಒಂದು ಗೋಡೆಯ ಆಚೆ ಮಲ್ಲಯ್ಯನ ಹೆಸರು, ಈಚೆ ಅಲ್ಲಾಹನ ಹೆಸರು, ಎರಡು ಕಡೆಯೂ ಅದೇ ಜೋಳ. ಬೀಸುಕಲ್ಲು ಮೂಲೆ ಸೇರಿದ ಮೇಲೆ ಎರಡೂ ಮನೆಗಳ ತಾಯಂದಿರು ಒಂದೇ ಬಗೆಯ ಶಾಲೆಯನ್ನು ಕಳೆದುಕೊಂಡರು.

ಹಾಡು ಹೋದರೂ ಕತೆಗಳು ಉಳಿದವು. ಅಮ್ಮಿ ಹೇಳುತ್ತಿದ್ದ ಕತೆಗಳಲ್ಲಿ ಬಾಬಾ ಫರೀದರದು ನಮಗೆ ಬಹಳ ಇಷ್ಟ. ಹದಿಮೂರನೇ ಶತಮಾನದ ಪಂಜಾಬಿನ ಈ ಸಂತರ ವಾಣಿ ಸಿಖ್ಖರ ಗುರು ಗ್ರಂಥ ಸಾಹಿಬ್‌ನಲ್ಲೂ ಸೇರಿದೆ. ಬಾಲಕ ಫರೀದನಿಗೆ ನಮಾಜಿನ ಅಭ್ಯಾಸ ಹಿಡಿಸಲು ತಾಯಿ ಕರ್ಸೂಮ್ ಬೀಬಿ ಒಂದು ಉಪಾಯ ಮಾಡಿದರಂತೆ. ನಮಾಜು ಮಾಡಿದ ಮಕ್ಕಳಿಗೆ ಅಲ್ಲಾಹ ಸಕ್ಕರೆ ಕೊಡುತ್ತಾನೆ ಎಂದು ಹೇಳಿ, ಮಗು ನೋಡದ ಹಾಗೆ ಜಾನಮಾಜಿನ ಕೆಳಗೆ ಸಕ್ಕರೆಯ ಪೊಟ್ಟಣ ಇಡುತ್ತಿದ್ದರು. ಒಂದು ದಿನ ಇಡುವುದನ್ನು ಮರೆತರು. ಗಾಬರಿಯಾಗಿ ಮಗನನ್ನು ಕೇಳಿದರೆ, "ಸಿಕ್ಕಿತಲ್ಲ, ದಿನದ ಹಾಗೆ" ಎಂದನಂತೆ. ಗಂಜೆ ಶಕರ್, ಅಂದರೆ ಸಕ್ಕರೆಯ ಭಂಡಾರ, ಎಂಬ ಹೆಸರು ಅವರಿಗೆ ಹೀಗೆ ಬಂತು ಎಂದು ಜನರ ನಂಬಿಕೆ. ಇದನ್ನು ಇತಿಹಾಸವೆಂದು ನಾವು ವಾದಿಸುವುದಿಲ್ಲ. ಈ ಹೆಸರಿಗೆ ಬೇರೆ ಕತೆಗಳೂ ಇವೆ. ಫರೀದರ ಶಿಷ್ಯರು ದೆಹಲಿಯ ನಿಜಾಮುದ್ದೀನ್ ಔಲಿಯಾ, ಅವರ ಶಿಷ್ಯರು ನಸೀರುದ್ದೀನ್ ಚಿರಾಗ್ ದೆಹಲಿ, ಅವರ ಶಿಷ್ಯರು ನಮ್ಮ ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಬಂದೇನವಾಜ್ ಗೇಸೂದರಾಜ್. ಆ ಸಕ್ಕರೆ ಒಂದೊಂದೇ ಕೈ ದಾಟಿ ಕರ್ನಾಟಕಕ್ಕೂ ಬಂತು ಎನ್ನಬೇಕು.

ನಿಜಾಮುದ್ದೀನರನ್ನು ಬೆಳೆಸಿದವರೂ ಗಂಡನಿಲ್ಲದ ಒಬ್ಬ ತಾಯಿ, ಬೀಬಿ ಜುಲೈಖಾ. ಮನೆಯಲ್ಲಿ ಹಿಟ್ಟಿಲ್ಲದ ದಿನ ಅವರು ಮಗನಿಗೆ, ಇವತ್ತು ನಾವು ದೇವರ ಅತಿಥಿಗಳು ಎಂಬರ್ಥದ ಮಾತು ಹೇಳುತ್ತಿದ್ದರಂತೆ. ಆ ಮಾತಿನ ರುಚಿಗೆ ಮಗ, ಅಂಥ ದಿನ ಮತ್ತೆ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದನಂತೆ. ಹಸಿವನ್ನು ಅವಮಾನವಾಗಲು ಬಿಡದ ಒಂದು ಮಾತು ಅದು. ಬರಗಾಲದ ಜಿಲ್ಲೆಯಲ್ಲಿ ಬೆಳೆದ ನಮಗೆ ಇದು ಎಲ್ಲೋ ದೆಹಲಿಯ ಕತೆ ಎನಿಸಲಿಲ್ಲ.

ನಮ್ಮ ಅಮ್ಮಿಯ ಸಕ್ಕರೆ ಬೇರೆ ಬೇರೆ ರೂಪದಲ್ಲಿರುತ್ತಿತ್ತು. ಮೊದಲ ರೋಜಾ ಹಿಡಿದ ದಿನ ನಮಗೆ ಏಳು ವರ್ಷ. ಮಧ್ಯಾಹ್ನದ ಬಿಸಿಲಿಗೆ ನಾಲಿಗೆ ಒಣಗಿ ಹಂಡೆಯ ಸುತ್ತ ಸುತ್ತುತ್ತಿದ್ದೆವು. ಅಮ್ಮಿ ಬೈಯಲಿಲ್ಲ, ನರಕದ ಬೆಂಕಿಯನ್ನು ತೋರಿಸಲಿಲ್ಲ. ಒದ್ದೆ ಬಟ್ಟೆಯಿಂದ ಮುಖ ಒರೆಸಿ, ತಮ್ಮ ಪಕ್ಕ ಮಲಗಿಸಿಕೊಂಡು, "ನೀನು ನೀರು ಕುಡಿದರೆ ನನಗೆ ಗೊತ್ತಾಗುವುದಿಲ್ಲ. ಗೊತ್ತಾಗುವವನು ಒಬ್ಬನಿದ್ದಾನೆ. ಅವನು ಈಗ ನಿನ್ನನ್ನು ನೋಡಿ ಖುಷಿಯಾಗಿದ್ದಾನೆ" ಎಂದರು. ದೇವರು ನೋಡುತ್ತಾನೆ ಎಂಬುದನ್ನು ಎಷ್ಟೋ ಮನೆಗಳಲ್ಲಿ ಪೊಲೀಸಿನವರು ನೋಡುತ್ತಾರೆ ಎಂಬ ಧಾಟಿಯಲ್ಲಿ ಹೇಳುತ್ತಾರೆ. ನಮಗೆ ಹಾಗೆ ಹೇಳಲಿಲ್ಲ. ಸಂಜೆ ಕೊರಳಿಗೆ ಹೂವಿನ ಹಾರ, ಕೈಗೆ ಖರ್ಜೂರ, ಓಣಿಗೆಲ್ಲ ಹಂಚಿಕೆ. ಹಂಚಿದ ಮನೆಗಳಲ್ಲಿ ಮೂರು ಲಿಂಗಾಯತರದು, ಒಂದು ಕುಂಬಾರರದು.

ತೊಂಬತ್ತರ ದಶಕದಲ್ಲಿ ಓಣಿಗೆ ಪ್ರವಚನದ ಕ್ಯಾಸೆಟ್ಟುಗಳು ಬಂದವು. ಕಬರಿನ ಶಿಕ್ಷೆ, ಹಾವು ಚೇಳು, ಪಾಪಿ ಹೆಂಗಸರ ಗತಿ. ಕೇಳಿದ ರಾತ್ರಿ ನಮಗೆ ನಿದ್ದೆ ಬರುತ್ತಿರಲಿಲ್ಲ. ಸೌದಿಗೆ ದುಡಿಯಲು ಹೋಗಿದ್ದ ದೊಡ್ಡಣ್ಣ ರಜೆಗೆ ಬಂದಾಗ ಒಂದು ಪಟ್ಟಿಯನ್ನೇ ಜೊತೆಗೆ ತಂದ. ಗ್ಯಾರವೀಂ ಬಿದ್‌ಅತ್, ನಿಯಾಜು ಬಿದ್‌ಅತ್, ದರ್ಗಾ ಶಿರ್ಕ್, ಮೊಹರಮ್ಮಿನ ಚೋಂಗೆ ತಪ್ಪು. ಅಬ್ಬಾ ಸಿಟ್ಟಾದರು. ಅಮ್ಮಿ ಸಿಟ್ಟಾಗಲಿಲ್ಲ. ಮಗನನ್ನು ಕೂರಿಸಿ, ಅವನು ಹೇಳಿದ್ದನ್ನೆಲ್ಲ ಕೇಳಿದರು, ಎಲ್ಲಿ ಬರೆದಿದೆ ಎಂದು ಓದಿಸಿಕೊಂಡರು. ಕೊನೆಗೆ ಹೇಳಿದರು: "ಫಾತಿಹಾ ಓದಿಸಬೇಡ ಅಂದೆ, ಬಿಟ್ಟೆ. ದರ್ಗಾದಲ್ಲಿ ಕೈಚಾಚಬೇಡ ಅಂದೆ, ಅದೂ ಸರಿ, ಕೈಚಾಚುವುದು ಅಲ್ಲಾಹನ ಮುಂದೆಯೇ. ಆದರೆ ಹನ್ನೊಂದನೇ ತಾರೀಕು ಊಟಕ್ಕೆ ಅಂತ ಬರುವ ಆ ಕುರುಡು ಮುದುಕಿಗೆ ಏನು ಹೇಳಲಿ? ಅವಳಿಗೆ ಊಟ ಹಾಕಬೇಡ ಅಂತ ಎಲ್ಲಿ ಬರೆದಿದೆ, ಅದನ್ನು ಓದು." ಅಣ್ಣ ಸುಮ್ಮನಾದ. ಗ್ಯಾರವೀಂ ನಿಂತಿತು, ಊಟ ನಿಲ್ಲಲಿಲ್ಲ.

ಆ ಜಗಳ ಕರ್ನಾಟಕದ ನೂರಾರು ಮುಸ್ಲಿಂ ಮನೆಗಳಲ್ಲಿ ಆಗಿದೆ, ಈಗಲೂ ಆಗುತ್ತಿದೆ. ಸುಧಾರಕರು ಹೇಳುವುದರಲ್ಲಿ ಸತ್ಯವಿಲ್ಲವೆಂದಲ್ಲ. ತಾಯತ, ಮಂತ್ರಿಸಿದ ನೀರು, ಸಾಲ ಮಾಡಿ ಉರುಸು, ಇವುಗಳಲ್ಲಿ ಹಾಳಾದವರಲ್ಲಿ ಹೆಂಗಸರೇ ಹೆಚ್ಚು. ಆದರೆ ತಾಯಂದಿರ ಧರ್ಮವನ್ನೆಲ್ಲ ಅಜ್ಞಾನವೆಂದು ಗುಡಿಸಿ ಹಾಕುವಾಗ ಅದರೊಳಗಿದ್ದ ಊಟವೂ, ನೆರೆಹೊರೆಯೂ, ಮೆತ್ತಗಿನ ಮಾತೂ ಗುಡಿಸಿ ಹೋಗುವ ಅಪಾಯವಿದೆ. ಮಗ ಗ್ರಂಥದಿಂದ ಸರಿಯಾದ ಧರ್ಮವನ್ನು ತರಬಹುದು. ಅದನ್ನು ಹಸಿದವರ ಬಾಯಿಗೆ ಮುಟ್ಟಿಸುವ ದಾರಿ ತಾಯಿಗೆ ಗೊತ್ತಿರುತ್ತದೆ.

ನಮ್ಮ ಓದಿನ ವಿಷಯದಲ್ಲೂ ಹೀಗೊಂದು ಜಗಳ ನಡೆದಿತ್ತು. ಏಳನೇ ಇಯತ್ತೆವರೆಗೆ ಉರ್ದು ಶಾಲೆ. 1992ರಲ್ಲಿ ಎಂಟನೆಯದಕ್ಕೆ ಕನ್ನಡ ಹೈಸ್ಕೂಲಿಗೆ ಹಾಕಬೇಕೆಂದು ಅಮ್ಮಿ ಹಟ ಹಿಡಿದರು. ಉರ್ದು ಹೋದರೆ ದೀನೂ ಹೋಗುತ್ತದೆ ಎಂದು ಚಿಕ್ಕಪ್ಪ ವಾದ ಮಾಡಿದರು. ಅಮ್ಮಿಯ ಉತ್ತರ ಬಹಳ ಚಿಕ್ಕದು: "ಅಲ್ಲಾಹನಿಗೆ ಕನ್ನಡ ಬರುವುದಿಲ್ಲವೇ?" ಆ ವರ್ಷ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಉರುಳಿತು. ಕೆಲವು ದಿನ ನಮ್ಮನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಶಾಲೆ ಬಿಡಿಸಿ ಎಂದು ಹೇಳಲು ಚಿಕ್ಕಪ್ಪನಿಗೆ ಈಗ ಬಲವಾದ ಕಾರಣವಿತ್ತು. ಅಮ್ಮಿ ಒಪ್ಪಲಿಲ್ಲ. ಶಾಲೆ ಶುರುವಾದ ದಿನ ಜಡೆ ಹೆಣೆದು, ಆಯತುಲ್ ಕುರ್ಸಿ ಓದಿ ಮುಖದ ಮೇಲೆ ಊದಿ ಕಳಿಸಿದರು. ಮಾರ್ಚಿನಲ್ಲಿ ರಮ್ಜಾನ್ ಹಬ್ಬ ಬಂದಾಗ ಕನ್ನಡ ಮೇಷ್ಟರ ಮನೆಗೆ ಸುರಕುಂಬಾದ ಪಾತ್ರೆ ಎಂದಿನಂತೆಯೇ ಹೋಯಿತು. ಎಂದಿನಂತೆಯೇ ಖಾಲಿ ಪಾತ್ರೆಯಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಅವರ ಮನೆಯವರು ವಾಪಸು ಕೊಟ್ಟರು.

ಮುಂದೆ ಮೌಲಾನಾ ಮಹಮ್ಮದ್ ಅಲಿ, ಶೌಕತ್ ಅಲಿ ಸಹೋದರರ ತಾಯಿ ಬೀ ಅಮ್ಮಾ ಅವರ ಬಗ್ಗೆ ಓದಿದಾಗ ನಮಗೆ ಈ ಜಗಳ ನೆನಪಾಯಿತು. ಆಬಾದಿ ಬಾನೋ ಬೇಗಂ ಅವರ ಹೆಸರು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಇಂಗ್ಲಿಷ್ ಓದಿದರೆ ಮಕ್ಕಳು ಕಾಫಿರರಾಗುತ್ತಾರೆ ಎಂಬ ಭಯ ಮನೆತನದಲ್ಲಿದ್ದ ಕಾಲ. ಅವರು ಒಡವೆ ಒತ್ತೆಯಿಟ್ಟು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿದರು. ಅದೇ ಮಕ್ಕಳು ಖಿಲಾಫತ್ ಚಳವಳಿಯ ಮುಂದಾಳುಗಳಾದರು. ಮಗ ಬಂಧನದಲ್ಲಿದ್ದಾಗ 1917ರಲ್ಲಿ ಬುರ್ಖಾ ತೊಟ್ಟೇ ಆ ತಾಯಿ ಮುಸ್ಲಿಂ ಲೀಗಿನ ಅಧಿವೇಶನದಲ್ಲಿ ಮಾತಾಡಿದರು. 1924ರಲ್ಲಿ ತೀರಿಕೊಂಡರು. ಮನೆಯಲ್ಲಿ ಕೊಟ್ಟದ್ದರ ಮೇಲೆ ಭರವಸೆ ಇರುವ ತಾಯಿ ಶಾಲೆಗೆ ಹೆದರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕನ್ನಡ ಹೈಸ್ಕೂಲಿನಿಂದ ನಾವು ಮನೆಗೆ ತಂದದ್ದು ಬಸವಣ್ಣನ ವಚನಗಳನ್ನು. ಅವರೂ ನಮ್ಮ ಜಿಲ್ಲೆಯವರೇ. ಕಳ್ಳತನ, ಕೊಲೆ, ಸುಳ್ಳು ಬೇಡವೆನ್ನುವ ಆ ವಚನವನ್ನು ದಖನಿಯಲ್ಲಿ ಬಿಡಿಸಿ ಹೇಳಿದಾಗ ಅಮ್ಮಿ, "ಒಳ್ಳೆ ಮನುಷ್ಯ. ಅವರ ತಾಯಿ ಯಾರು?" ಎಂದು ಕೇಳಿದ್ದರು. ಯಾರ ಬಗ್ಗೆ ಹೇಳಿದರೂ ಅವರ ಮೊದಲ ಪ್ರಶ್ನೆ ಅದೇ.

ಇಲ್ಲಿಯವರೆಗೆ ತಾಯಿಯ ಹಿರಿಮೆ ಆಯಿತು. ಈ ಹಿರಿಮೆಯನ್ನು ಹೇಳುವಾಗ ಒಂದು ಎಚ್ಚರ ಬೇಕು. ಸ್ವರ್ಗವನ್ನು ತಾಯಿಯ ಪಾದಗಳ ಬಳಿ ತೋರಿಸುವ ಮಾತು ನಮ್ಮ ಮಿಂಬರುಗಳಿಂದ ಎಷ್ಟು ಸಲ ಕೇಳಿಬಂದಿಲ್ಲ! ಆದರೆ ಆ ಪಾದಗಳನ್ನು ಇಡಲು ನಮ್ಮ ಹೆಚ್ಚಿನ ಮಸೀದಿಗಳಲ್ಲಿ ಒಂದು ಮೂಲೆಯೂ ಇಲ್ಲ. ಪ್ರವಾದಿಯವರ ಮಸೀದಿಯಲ್ಲಿ ಹೆಂಗಸರು ನಮಾಜು ಮಾಡುತ್ತಿದ್ದರು. ಅವರನ್ನು ತಡೆಯಬೇಡಿ ಎಂಬ ಆಶಯದ ಹದೀಸು ಪ್ರಸಿದ್ಧವಾದದ್ದೇ. ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಕೂಡ, ಹೆಂಗಸರು ಮಸೀದಿಗೆ ಬಂದು ನಮಾಜು ಮಾಡಲು ಅಡ್ಡಿಯಿಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಕೊಟ್ಟಿತು. ಕೆಲವು ಊರುಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಜಾಗ ಆಗಿದೆ. ಉಳಿದೆಡೆ ಹಾಡಿ ಹೊಗಳುವುದೊಂದೇ ನಡೆದಿದೆ.

ಇನ್ನೊಂದು ಮಾತು. ಮಗ ಹಾಳಾದರೆ "ತಾಯಿ ಏನು ಕಲಿಸಿದಳು?" ಎನ್ನುವವರು, ಮಗ ಹಾಫಿಜನಾದರೆ ಅಭಿನಂದಿಸುವುದು ತಂದೆಯನ್ನು. ಕುರ್‌ಆನಿನಲ್ಲಿ ಮಗನನ್ನು ಕೂರಿಸಿಕೊಂಡು ಬುದ್ಧಿ ಹೇಳುವ ಪ್ರಸಿದ್ಧ ಪ್ರಸಂಗವೊಂದಿದೆ. ಅದು ಸೂರಾ ಲುಕ್ಮಾನ್. ಅಲ್ಲಿ ಹೇಳುವವನು ತಂದೆ. ದೇವರಿಗೆ ಸಮಾನರನ್ನು ಮಾಡಬೇಡ, ಜಂಬದಿಂದ ನಡೆಯಬೇಡ, ದನಿ ತಗ್ಗಿಸಿ ಮಾತಾಡು ಎಂದು ಅವನು ಮಗನಿಗೆ ಹೇಳುತ್ತಾನೆ. ಅದೇ ಉಪದೇಶದ ನಡುವೆ ತಾಯಿ ನಿಶ್ಶಕ್ತಿಯ ಮೇಲೆ ನಿಶ್ಶಕ್ತಿ ಅನುಭವಿಸಿ ಹೊತ್ತದ್ದನ್ನೂ, ಎರಡು ವರ್ಷ ಹಾಲೂಡಿದ್ದನ್ನೂ ಅಲ್ಲಾಹನು ನೆನಪಿಸುತ್ತಾನೆ. ಮಕ್ಕಳ ಧರ್ಮಶಿಕ್ಷಣ ತಾಯಿಯ ಪಾಲಿನ ಕೆಲಸ ಎಂದು ಪೇಟೆಗೆ ಹೊರಡುವ ಅಬ್ಬಾಗಳು ಈ ಸೂರಾವನ್ನು ಒಮ್ಮೆ ಅರ್ಥ ಸಹಿತ ಓದಿಕೊಳ್ಳುವುದು ಒಳ್ಳೆಯದು.

ಇಸ್ಲಾಮಿನ ನೆನಪಂತೂ ಹೆಂಗಸರನ್ನು ಮರೆತಿಲ್ಲ. ಮೊದಲು ನಂಬಿದವರು ಹಜರತ್ ಖದೀಜಾ. ಹಜರತ್ ಅಬೂಬಕರರ ಕಾಲದಲ್ಲಿ ಒಟ್ಟುಗೂಡಿಸಿದ ಕುರ್‌ಆನಿನ ಹಾಳೆಗಳು ಹಜರತ್ ಉಮರರ ನಂತರ ಉಳಿದದ್ದು ಅವರ ಮಗಳು ಹಜರತ್ ಹಫ್ಸಾರ ಬಳಿ. ಹಜರತ್ ಉಸ್ಮಾನರು ಪ್ರತಿಗಳನ್ನು ಮಾಡಿಸುವಾಗ ಅವರಿಂದ ಕೇಳಿ ತರಿಸಿ, ಕೆಲಸ ಮುಗಿದ ಮೇಲೆ ಹಿಂದಿರುಗಿಸಿದರು. ಹಜ್ಜಿಗೆ ಹೋದವರು ಸಫಾ ಮರ್ವಾಗಳ ನಡುವೆ ಏಳು ಸಲ ನಡೆಯುತ್ತಾರೆ. ಅದು ಬಾಯಾರಿದ ಮಗುವಿಗಾಗಿ ನೀರು ಹುಡುಕಿ ಓಡಿದ ಹಜರತ್ ಹಾಜರಾರ ನೆನಪು. ಹಸಿರು ದೀಪಗಳ ನಡುವಿನ ಜಾಗದಲ್ಲಿ ಗಂಡಸರು ಓಡಬೇಕು, ಹೆಂಗಸರು ಓಡಬೇಕಾಗಿಲ್ಲ. ಒಬ್ಬ ತಾಯಿ ಒಬ್ಬಳೇ ಓಡಿದ ಓಟವನ್ನು ಇಂದಿಗೂ ಗಂಡಸರು ಓಡುತ್ತಿದ್ದಾರೆ. ಹೆಂಗಸರ ಪಾಲಿನದನ್ನು ಅವರು ಈಗಾಗಲೇ ಓಡಿ ಮುಗಿಸಿದ್ದಾರೆ ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ.

ಈಗ ನಮ್ಮ ಮನೆಯಲ್ಲಿ ಮಕ್ಕಳಿದ್ದಾರೆ. ನಮ್ಮ ಕಾಲದ ಪಡಸಾಲೆ ಇಲ್ಲ. ಆನ್‌ಲೈನಿನಲ್ಲಿ ಉಸ್ತಾದರು ತಜ್ವೀದ್ ಕಲಿಸುತ್ತಾರೆ, ಉಚ್ಚಾರ ಅಮ್ಮಿಯದಕ್ಕಿಂತ ಶುದ್ಧ. ಕುರ್‌ಆನಿನ ಕನ್ನಡ ಅನುವಾದಗಳಿವೆ. ಅಮ್ಮಿ ಜೀವಮಾನವಿಡೀ ಓದಿಯೂ ಅರ್ಥ ತಿಳಿಯದ ಸಾಲುಗಳನ್ನು ನಮ್ಮ ಮಗಳು ಕನ್ನಡದಲ್ಲಿ ಓದಿ, ಅರ್ಥ ಮಾಡಿಕೊಂಡು, ಪ್ರಶ್ನೆ ಕೇಳುತ್ತಾಳೆ. ಮೊಬೈಲಿನಲ್ಲಿ ಕೇಳಿದ ಯಾವುದೋ ಮೌಲಾನಾರ ಮಾತು ಹಿಡಿದುಕೊಂಡು, "ನನ್ನ ಗೆಳತಿ ಅಷ್ಟು ಒಳ್ಳೆಯವಳು, ಅವಳು ನರಕಕ್ಕೆ ಹೋಗುತ್ತಾಳಾ?" ಎಂದು ಒಂದು ರಾತ್ರಿ ಕೇಳಿದಳು. ಈ ಪ್ರಶ್ನೆಯನ್ನು ನಾವೂ ಅಮ್ಮಿಗೆ ಕೇಳಿದ್ದೆವು, ನಮ್ಮ ಬೆಂಚಿನ ಗೆಳತಿಗಾಗಿ. ಅಮ್ಮಿ ರೊಟ್ಟಿ ತಟ್ಟುತ್ತಲೇ, "ಲೆಕ್ಕದ ವಹಿ ನಮ್ಮ ಕೈಗೆ ಕೊಟ್ಟಿಲ್ಲ, ಬೇಟಾ. ನಮ್ಮ ಪುಟ ತುಂಬಿದರೆ ಸಾಕು" ಎಂದಿದ್ದರು. ಮಗಳಿಗೆ ಅದನ್ನೇ ಹೇಳಿದೆವು. ಅವಳು ಒಪ್ಪಿದಳೋ ಇಲ್ಲವೋ, ನಿದ್ದೆಯಂತೂ ಮಾಡಿದಳು.

2022ರ ಫೆಬ್ರವರಿಯಲ್ಲಿ ನಮ್ಮಂಥ ತಾಯಂದಿರಿಗೆ ಬೇರೊಂದು ಪರೀಕ್ಷೆ ಬಂತು. ತಲೆಯ ಮೇಲೆ ಬಟ್ಟೆ ಹೊದೆಯಲು ಕಲಿಸಿದವರೂ ನಾವೇ, ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರಲು ಕಲಿಸಿದವರೂ ನಾವೇ. ಕಾಲೇಜುಗಳ ಗೇಟಿನಲ್ಲಿ ಹುಡುಗಿಯರಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನಲಾಯಿತು. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ತೀರ್ಪುಗಳ ನಡುವಿನ ತಿಂಗಳುಗಳಲ್ಲಿ ನಮ್ಮ ಸಂಬಂಧಿಕರ ಒಂದು ಮನೆಯಲ್ಲಿ ಹುಡುಗಿ ಕೋಣೆಯಲ್ಲಿ ಕೂತು ಅಳುತ್ತಿದ್ದಳು. ತಾಯಿ ಹೋಗಿ ಹೇಳಿದ್ದು ಇಷ್ಟು: "ಬಟ್ಟೆ ನಾನು ಹೊದಿಸಿದ್ದು, ಓದು ಅಲ್ಲಾಹ ಹೇಳಿದ್ದು. ಎರಡನ್ನೂ ಬಿಡಬೇಡ. ಒಂದಕ್ಕೆ ದಾರಿ ಮುಚ್ಚಿದರೆ ಇನ್ನೊಂದು ದಾರಿ ಹುಡುಕೋಣ." ಆ ಹುಡುಗಿ ಮನೆಯಲ್ಲೇ ಕೂತು ಓದಿ ಖಾಸಗಿಯಾಗಿ ಪರೀಕ್ಷೆ ಕಟ್ಟಿದಳು. ಯಾವ ಫತ್ವಾದಲ್ಲೂ ಸಿಗದ, ಯಾವ ವಕೀಲರೂ ಕೊಡದ ಉತ್ತರ ಅದು. ಅದಕ್ಕೆ ಆ ತಾಯಿ ತೆತ್ತ ಬೆಲೆ, ಮಗಳು ಕಳೆದುಕೊಂಡ ಗೆಳತಿಯರು, ಇವು ಯಾವ ಲೆಕ್ಕಕ್ಕೂ ಸೇರಲಿಲ್ಲ.

ಕೊನೆಯ ಮೂರು ವರ್ಷ ಅಮ್ಮಿಗೆ ಮರೆವಿನ ಕಾಯಿಲೆ. ಮೊದಲು ಬೀದಿಗಳ ಹೆಸರು ಹೋಯಿತು, ಆಮೇಲೆ ಮೊಮ್ಮಕ್ಕಳದು, ಆಮೇಲೆ ನಮ್ಮದು. ನಮ್ಮನ್ನು ತಮ್ಮ ಅಕ್ಕನೆಂದು ತಿಳಿದು ಮಾತಾಡಿಸುತ್ತಿದ್ದರು. ಉಳಿದದ್ದು ಸೂರಾಗಳು. ಅಜಾನ್ ಕೇಳಿದರೆ ಸೆರಗು ತಲೆಗೆ ಬರುತ್ತಿತ್ತು, ತುಟಿ ಅಲುಗುತ್ತಿತ್ತು. ನಿಧಾನವಾಗಿ ಅದೂ ಸವೆಯತೊಡಗಿತು. ಫಾತಿಹಾದ ನಡುವೆ ಒಂದು ಕಡೆ ನಿಂತುಬಿಡುವರು. ಮುಂದಿನ ಪದ ಸಿಗದೆ ನಮ್ಮ ಮುಖ ನೋಡುವರು. ನಾವು ಪಕ್ಕದಲ್ಲಿ ಕೂತು ಮೆಲ್ಲನೆ ಆ ಪದವನ್ನು ಹೇಳಿಕೊಡುತ್ತಿದ್ದೆವು. ಹಿಡಿದುಕೊಂಡು ಮುಂದೆ ಹೋಗುವರು. ಜಮಾತಿನಲ್ಲಿ ಇಮಾಮರು ಓದುತ್ತ ತಡವರಿಸಿದರೆ ಹಿಂದಿನವರು ಎತ್ತಿಕೊಡುವುದಕ್ಕೆ ಉರ್ದುವಿನಲ್ಲಿ ಲುಕ್ಮಾ ಕೊಡುವುದು ಎನ್ನುತ್ತಾರೆ. ಲುಕ್ಮಾ ಎಂದರೆ ತುತ್ತು. ಎಂದೂ ಜಮಾತಿನಲ್ಲಿ ನಿಲ್ಲದ ಅಮ್ಮಿ ಹೀಗೆ ತಮ್ಮ ಕೋಣೆಯಲ್ಲಿ ನಮ್ಮ ಇಮಾಮರಾಗಿದ್ದರು. ಅವರು ಕೊಟ್ಟ ತುತ್ತುಗಳನ್ನೇ ನಾವು ಅವರಿಗೆ ಕೊಟ್ಟೆವು.

2018ರಲ್ಲಿ ಅವರು ತೀರಿಕೊಂಡರು. ಜನಾಜಾ ನಮಾಜಿಗೆ ಬಂದವರಲ್ಲಿ ಆ ಪಡಸಾಲೆಯಲ್ಲಿ ಓದಿದವರೇ ಎಷ್ಟೋ ಜನ. ಒಬ್ಬರು ಗ್ಯಾರೇಜಿನವರು, ಒಬ್ಬರು ಬ್ಯಾಂಕಿನವರು, ಇಬ್ಬರು ಮದ್ರಸಾದ ಮೌಲಾನಾಗಳು. ಓಣಿಯ ಹೆಂಗಸರು, ಅವರೊಂದಿಗೆ ಕುಂಬಾರರ ಮನೆಯವರು, ಬಾಗಿಲಲ್ಲೇ ನಿಂತು ಬೀಳ್ಕೊಟ್ಟರು. ಅಮ್ಮಿ ನಮಗೆ ಬಿಟ್ಟು ಹೋದ ಆಸ್ತಿಯ ಬಗ್ಗೆ ಹೇಳಬೇಕೆಂದರೆ ಒಂದು ಸವೆದ ಜಾನಮಾಜು, ರೆಹೆಲಿನ ಮೇಲಿನ ಒಂದು ಕುರ್‌ಆನ್, ಹನ್ನೊಂದನೇ ತಾರೀಕಿನ ಊಟ. ಜಾನಮಾಜು ಅಕ್ಕನ ಮನೆಯಲ್ಲಿದೆ, ಕುರ್‌ಆನ್ ನಮ್ಮಲ್ಲಿದೆ. ಊಟವನ್ನು ಸೌದಿಯಿಂದ ಮರಳಿ ಬಂದ ದೊಡ್ಡಣ್ಣ ನಡೆಸುತ್ತಿದ್ದಾನೆ. ಅದಕ್ಕೆ ಅವನು ಯಾವ ಹೆಸರನ್ನೂ ಇಟ್ಟಿಲ್ಲ.